ತಿಥಿ ಊಟದ ಖಾರ

ತಿಥಿ ಊಟ ರುಚಿಯಾಗಿತ್ತು ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ಆದರೆ ಎರಡನೆಯ ಸಲ ಸಾರು ಹಾಕಿಸಿಕೊಳ್ಳದೆ ಎದ್ದವರನ್ನು ನಾನು ನೋಡಿಲ್ಲ. ಕಾಳುಮೆಣಸು, ಜೀರಿಗೆ ಹುರಿದು ಕುಟ್ಟಿ ಹಾಕಿದ ಸಾರು, ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಉದ್ದಿನ ವಡೆ, ಎಳ್ಳುಂಡೆ. ನಮ್ಮ ಮನೆಯಲ್ಲಿ ಅಂದು ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆಗಳಿಗೆ ಅಡುಗೆಮನೆಗೆ ಪ್ರವೇಶವಿಲ್ಲ. ಯಾಕೆಂದರೆ, "ಪಿತೃಗಳಿಗೆ ಆಗೋಲ್ಲ ಕಣೋ" ಎನ್ನುತ್ತಿದ್ದರು ನಮ್ಮ ಸೋದರತ್ತೆ. ಶಾಸ್ತ್ರದ ಮಾತು ಹಾಗಿರಲಿ, ನನಗೆ ತೋಚುವ ಕಾರಣ ಬೇರೆ: ಆ ಪಿತೃಗಳ ಪಿತೃಗಳು ಇವನ್ನು ಕಂಡೇ ಇರಲಿಲ್ಲ. ಮೂರೂ ಅಮೆರಿಕ ಖಂಡದವು.

1492ರಲ್ಲಿ ಕೊಲಂಬಸ್ ಹಡಗು ಹತ್ತಿದ್ದು ನಮ್ಮ ಕಡೆಯ ಮಸಾಲೆಯ, ಚಿನ್ನದ ಆಸೆಗೆ. ಮುಟ್ಟಿದ್ದು ಕೆರಿಬಿಯನ್ ದ್ವೀಪಗಳನ್ನು. ಅಲ್ಲಿ ಕಾಳುಮೆಣಸಿರಲಿಲ್ಲ, ಖಾರದ ಕಾಯಿ ಇತ್ತು. ಸಿಕ್ಕಿದ್ದೇ ಸೀರುಂಡೆ ಎಂದು ಅದನ್ನೇ ಸ್ಪೇನಿಗೆ ಒಯ್ದ. 1510ರಲ್ಲಿ ಪೋರ್ಚುಗೀಸರು ಗೋವೆ ಹಿಡಿದರು. ಆಮೇಲೆ ಅವರ ಹಡಗುಗಳಲ್ಲಿ ಮೆಣಸಿನಕಾಯಿ, ಗೇರು, ಅನಾನಸು ಬಂದವು; ತುಂಬಿಕೊಂಡು ಹೋದದ್ದು ಕಾಳುಮೆಣಸು. ಅದರ ವ್ಯಾಪಾರಕ್ಕಾಗಿಯೇ ಗೇರುಸೊಪ್ಪೆಯ ಚೆನ್ನಭೈರಾದೇವಿಯೊಡನೆ ಜಗಳ ಕಾದರು, ಆಕೆಯನ್ನು 'ಮೆಣಸಿನ ರಾಣಿ' ಎಂದೂ ಕರೆದರು.

ಕಾಳುಮೆಣಸಿನ ಬಳ್ಳಿಯದು ಬಹಳ ನಾಜೂಕು. ಮಲೆನಾಡಿನ ಮಳೆ ಬೇಕು, ನೆರಳು ಬೇಕು, ಹಬ್ಬಲು ಮರ ಬೇಕು, ಫಸಲಿಗೆ ಮೂರ್ನಾಲ್ಕು ವರ್ಷ ಕಾಯಬೇಕು. ಮೆಣಸಿನಗಿಡಕ್ಕೆ ಹಿತ್ತಿಲ ಮೂಲೆಯಾದರೂ ಆದೀತು, ಬಯಲುಸೀಮೆಯ ಎರೆಹೊಲವಾದರೂ ಆದೀತು. ಕೆಲವೇ ತಿಂಗಳಲ್ಲಿ ಕಾಯಿ. ದುಡ್ಡಿದ್ದವರ ಖಾರ ಬಡವರ ರೊಟ್ಟಿಯ ಪಕ್ಕಕ್ಕೂ ಬಂತು. (ಆ ರೊಟ್ಟಿಯ ಜೋಳವೂ ಆಫ್ರಿಕದ್ದೇ. ಬಂದು ಸಾವಿರಾರು ವರ್ಷವಾದ್ದರಿಂದ ಯಾರೂ ಅದರ ಊರು ಕೇಳುವುದಿಲ್ಲ.)

ಬ್ಯಾಡಗಿ ಮೆಣಸಿನಕಾಯಿಯನ್ನೊಮ್ಮೆ ಅಂಗೈಯಲ್ಲಿಟ್ಟು ನೋಡಿ. ಮೈತುಂಬ ಸುಕ್ಕು, ಕಡುಗೆಂಪು ಬಣ್ಣ, ಅಲ್ಲಾಡಿಸಿದರೆ ಒಳಗೆ ಗಲಗಲ ಬೀಜ. ತೆಳ್ಳಗೆ ಉದ್ದವಾದದ್ದು ಕಡ್ಡಿ, ಗುಂಡಗೆ ದಪ್ಪಗಿರುವುದು ಡಬ್ಬಿ. ಖಾರ ಕಡಿಮೆ, ಬಣ್ಣವೇ ಬಂಡವಾಳ. ಅದರ ಬಣ್ಣ ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ವರೆಗೂ ಹೋಗಿದೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಪರದೇಶಿ ಕಾಯಿಗೆ ಹಾವೇರಿ ಜಿಲ್ಲೆಯ ಊರಿನ ಹೆಸರಲ್ಲಿ ಸರ್ಕಾರಿ ಮೊಹರು! ನನ್ನ ತಕರಾರೇನಿಲ್ಲ. ಐನೂರು ವರ್ಷ ಬಿಸಿಲಲ್ಲಿ ಒಣಗಿದ ಮೇಲೂ ಊರಿನವನಲ್ಲ ಎಂದರೆ ಅನ್ಯಾಯ.

ಈಗ ಜಗತ್ತಿನಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವ ದೇಶ ವಿಯೆಟ್ನಾಂ. ಒಣಮೆಣಸಿನಕಾಯಿಯಲ್ಲಿ ಮೊದಲ ಸ್ಥಾನ ನಮ್ಮದು.