ಮಾಮೂ ಅಂಗಡಿಯ ಹಳೇ ಪ್ಲಗಿನ್

ಪೀಣ್ಯ ಎರಡನೇ ಹಂತದಲ್ಲಿ ನಮ್ಮ ಮಾಮೂದು ಸಣ್ಣ ಸ್ಟಿಕ್ಕರ್ ಅಂಗಡಿ. ಸುತ್ತಲಿನ ಕಾರ್ಖಾನೆಗಳ ಡಬ್ಬ, ಮೋಟಾರುಗಳಿಗೆ ಅಂಟಿಸುವ ಲೇಬಲ್‌ಗಳನ್ನು ಅಲ್ಲಿ ಪ್ರಿಂಟ್ ಮಾಡುತ್ತಾರೆ. ಡಿಸೈನ್ ಕೆಲಸವೆಲ್ಲ ಗಿಂಪ್‌ನಲ್ಲಿ, ಯಾಕೆಂದರೆ ಅದು ಉಚಿತ. 1995ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಅದನ್ನು ಶುರು ಮಾಡಿದರು. ಈಗ ನೋಡಿಕೊಳ್ಳುತ್ತಿರುವವರು ಹೆಚ್ಚಾಗಿ ಸ್ವಯಂಸೇವಕರು.

ಒಂದು ಲೇಬಲನ್ನು ಎ3 ಹಾಳೆಯ ತುಂಬ ಸಾಲಾಗಿ ಜೋಡಿಸಲು ಮಾಮೂ ಹತ್ತಿರ ಒಂದು ಪ್ಲಗಿನ್ ಇತ್ತು. ಯಾರೋ ಪುಣ್ಯಾತ್ಮರು ಬರೆದು ಎಲ್ಲರೂ ಬಳಸಲಿ ಎಂದು ಬಿಟ್ಟಿದ್ದು. ಒಂದು ಗುಂಡಿ ಒತ್ತಿದರೆ ಅರ್ಧ ಗಂಟೆಯ ಕೆಲಸ ಮುಗಿಯುತ್ತಿತ್ತು.

ಕಳೆದ ಬೇಸಿಗೆ ರಜೆಯಲ್ಲಿ ನಾನು ಜಾಣತನ ತೋರಿಸಲು ಹೋದೆ. 2025ರ ಮಾರ್ಚ್‌ನಲ್ಲಿ ಗಿಂಪ್ 3.0 ಬಂದಿತ್ತು. ಯಾರನ್ನೂ ಕೇಳದೆ ಹಳೆಯದನ್ನು ತೆಗೆದು ಹೊಸದನ್ನು ಹಾಕಿಬಿಟ್ಟೆ. ಮೆನುವಿನಲ್ಲಿ ಪ್ಲಗಿನ್ ಇಲ್ಲ! ಮರುದಿನ ಬೆಳಿಗ್ಗೆ ಕೊಡಬೇಕಾದ ಆರ್ಡರ್ ಬೇರೆ. ಮಾಮೂ ಬೈಯಲಿಲ್ಲ, "ಮೊದಲಿನ ಹಾಗೆ ಮಾಡಿಕೊಡು ಬೇಟಾ" ಎಂದರಷ್ಟೆ. ಬೈದಿದ್ದರೇ ವಾಸಿಯಿತ್ತು. ರಾತ್ರಿ ಹನ್ನೊಂದಕ್ಕೆ 2.10 ಮತ್ತೆ ಇಳಿಸಿ ಹಾಕಿದ ಮೇಲೆ ಕೆಲಸ ಸಾಗಿತು.

ಯಾಕೆ ಹೀಗಾಯಿತೆಂದು ಆಮೇಲೆ ಓದಿ ತಿಳಿದುಕೊಂಡೆ. ಗಿಂಪ್‌ಗೆ ಪೈಥಾನ್‌ನಲ್ಲಿ ಪ್ಲಗಿನ್ ಬರೆಯುವವರೆಲ್ಲ ವರ್ಷಗಟ್ಟಲೆ 'ಗಿಂಪ್‌ಫು' ಎಂಬ ಸಲಕರಣೆಯನ್ನು ನೆಚ್ಚಿಕೊಂಡಿದ್ದರು. ಅದು ನಿಂತಿದ್ದು ಪೈಥಾನ್ 2ರ ಮೇಲೆ. 2020ರ ಜನವರಿ 1ಕ್ಕೆ ಪೈಥಾನ್ 2ರ ನಿರ್ವಹಣೆಯೇ ನಿಂತಿತು. ಗಿಂಪ್ 3.0 ಪೈಥಾನ್ 3ಕ್ಕೆ ಹೋಯಿತು, ಗಿಂಪ್‌ಫು ಹೋಯಿತು, ಅದರ ಜೊತೆ ಎಷ್ಟೋ ಹಳೇ ಪ್ಲಗಿನ್‌ಗಳೂ ಕೈಕೊಟ್ಟವು.

ಲ್ಯಾಬಿನಲ್ಲಿ ಕಲಿತ ಪೈಥಾನ್ ಇದೆಯಲ್ಲ ಎಂಬ ಧೈರ್ಯದಿಂದ ರಿಪೇರಿಗೆ ಕೂತೆ. ಫೈಲನ್ನು ಅದರದೇ ಹೆಸರಿನ ಫೋಲ್ಡರ್‌ನಲ್ಲಿ ಇಡಬೇಕು ಎಂಬುದು ಗೊತ್ತಾಗಲಿಕ್ಕೇ ಎರಡು ದಿನ ಹಿಡಿಯಿತು. ನಂತರ ಭಾಗಾಕಾರದ ಸಮಸ್ಯೆ. 297 ಮಿಲಿಮೀಟರ್ ಅಗಲದಲ್ಲಿ 50 ಮಿಲಿಮೀಟರ್‌ನ ಲೇಬಲ್ ಎಷ್ಟು? ಪೈಥಾನ್ 2 ದಶಮಾಂಶ ಬಿಟ್ಟು 5 ಎನ್ನುತ್ತಿತ್ತು. ಪೈಥಾನ್ 3 ಹೇಳುವುದು 5.94. ಪ್ರೋಗ್ರಾಂ ಎರರ್ ಕೊಟ್ಟಿತು. ನಾನು ಅದನ್ನು ಹತ್ತಿರದ ಪೂರ್ಣಸಂಖ್ಯೆಗೆ ತಿರುಗಿಸಿದೆ. ಎಂಟು ಸಾಲು, ಸಾಲಿಗೆ ಆರು! ಮೊದಲು ಹಾಳೆಗೆ 40 ಬರುತ್ತಿತ್ತು, ನನ್ನದರಲ್ಲಿ 48 ಎಂದು ಮಾಮೂ ಮುಂದೆ ಜಂಬ ಕೊಚ್ಚಿಕೊಂಡೆ.

ಮಾಮೂ ಹಾಳೆಯ ಅಂಚಿನ ಮೇಲೆ ಹೆಬ್ಬೆರಳು ಎಳೆದು, "ಇದರ ಕೊನೆ ಅಕ್ಷರ ಎಲ್ಲಿ?" ಎಂದರು. ಆರನೇ ಲೇಬಲ್ 3 ಮಿಲಿಮೀಟರ್ ಹೊರಗೆ ಹೋಗಿತ್ತು. ಎಂಟು ಸಾಲಿನಲ್ಲೂ ಹಾಗೆಯೇ. ಒಂದು ಗೀಟಿನ ಬದಲು ಎರಡು ಗೀಟು ಹಾಕಿದ್ದರೆ ದಶಮಾಂಶ ತಾನಾಗಿ ಬಿಟ್ಟುಹೋಗುತ್ತಿತ್ತು. ಆ ಪಾಠ ಪುಸ್ತಕದಲ್ಲಿತ್ತು, ಪರೀಕ್ಷೆಯಲ್ಲಿ ಸರಿಯಾಗಿ ಬರೆದೂ ಇದ್ದೆ.

ಸರಿಪಡಿಸಿದ ಫೈಲನ್ನು ಮೂಲ ಲೇಖಕರಿಗೆ ಕಳಿಸಿದೆ. ಅವರು ಧನ್ಯವಾದ ಹೇಳಿ, ತಾವೀಗ ಬೇರೆ ಕೆಲಸದಲ್ಲಿದ್ದೇವೆ, ಇನ್ನು ಮುಂದೆ ಇದನ್ನು ನೀವೇ ನೋಡಿಕೊಳ್ಳುವಿರಾ ಎಂದು ಕೇಳಿದರು. ಕೂಡಲೇ ಒಪ್ಪಿಕೊಂಡೆ. ಅಷ್ಟು ವರ್ಷ ಬಿಡುವಿನಲ್ಲಿ ಕೂತು ಯಾರ ಯಾರದೋ ತೊಂದರೆಗೆ ಉತ್ತರಿಸಿದ್ದ ಅವರಿಗೆ ಮಾಮೂ ಅಂಗಡಿ ಗೊತ್ತಿಲ್ಲ, ನಮಗೂ ಅವರ ಮುಖ ಗೊತ್ತಿಲ್ಲ.

ಮೊನ್ನೆ ಯಾರೋ ಬರೆದಿದ್ದಾರೆ, ಎ4 ಹಾಳೆಯಲ್ಲಿ ಸಾಲು ಓರೆಯಾಗಿ ಬರುತ್ತಿದೆಯಂತೆ. ಸೋಮವಾರ ಫಿಸಿಕ್ಸ್ ಟೆಸ್ಟ್ ಇದೆ. ಮಂಗಳವಾರ ನೋಡುತ್ತೇನೆ ಎಂದು ಉತ್ತರ ಕಳಿಸಿದ್ದೇನೆ.