ಮೊದಲು ಇಡಿಯಾಗಿ ಕಟ್ಟು, ಆಮೇಲೆ ಕೆಡವು



ಗೆಳೆಯಾ, ನೀನು ಕಳಿಸಿದ ಆಟದ ಮ್ಯಾಪ್ ಆಡಿ ನೋಡಿದೆ. ಗೋಡೆ ಬಿದ್ದಿದೆ, ಕಿಟಕಿ ಒಡೆದಿದೆ, ಮೂಲೆಯಲ್ಲೊಂದು ಸುಟ್ಟ ಜೀಪು ನಿಂತಿದೆ. ಬಣ್ಣ, ನೆರಳು ಚೆನ್ನಾಗಿ ಕೂತಿವೆ. ಆದರೆ ಒಳಗೆ ಓಡಾಡುತ್ತ ಹೋದಂತೆ ಈ ಮನೆಯಲ್ಲಿ ಯಾರೂ ಯಾವತ್ತೂ ಬಾಳಿಲ್ಲ ಅನ್ನಿಸಿತು. ಅಡುಗೆಮನೆ ಯಾವುದು, ನೀರು ಎಲ್ಲಿಂದ ತರುತ್ತಿದ್ದರು, ರಾತ್ರಿ ಅಗಸಿ ಬಾಗಿಲು ಹಾಕಿದರೆ ಯಾರು ಒಳಗೆ, ಯಾರು ಹೊರಗೆ? ಒಂದೂ ತಿಳಿಯಲಿಲ್ಲ. ಮನೆ ಹುಟ್ಟುವಾಗಲೇ ಮುರಿದು ಹುಟ್ಟಿದಂತಿದೆ.

ಈ ಮುರಿದ ಮನೆಯ ರೂಪ ಎಲ್ಲಿಂದ ಬಂತೆಂದು ನನಗೆ ಗೊತ್ತು. 2020ರಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಗಿ, ಮರುವರ್ಷ ಅದೇ ಆಟ ಬಿಜಿಎಂಐ ಎಂಬ ಹೆಸರಲ್ಲಿ ಬಂದ ಮೇಲೂ ನಮ್ಮ ಹುಡುಗರು ಪ್ಯಾರಾಚೂಟಿನಲ್ಲಿ ಇಳಿಯುವುದು ಎರಾಂಗೆಲ್ ದ್ವೀಪಕ್ಕೇ. ಸೋವಿಯತ್ ಸೈನ್ಯ ಬಿಟ್ಟುಹೋದ ನೆಲೆ ಎಂಬ ಕಲ್ಪನೆಯ ಮೇಲೆ ನಿಂತ ದ್ವೀಪ ಅದು. ನಿನ್ನ ಕಣ್ಣಿಗೆ ‘ಹಾಳು ಕಟ್ಟಡ’ ಅಂದರೆ ಆ ಕಾಂಕ್ರೀಟ್ ಗೋಡೆ, ಆ ಬೂದು ಬಣ್ಣ. ನಿಮ್ಮೂರು ನಾಗಲಗಿದ್ದದಲ್ಲಿ ಕೂತು ಅದನ್ನೇ ಕಟ್ಟಿದ್ದೀಯ.

ಲೆವೆಲ್ ಡಿಸೈನ್ ಕಲಿಯಲು ಹೈದರಾಬಾದಿಗೆ ಹೋಗಲೋ ಬೆಂಗಳೂರಿಗೆ ಹೋಗಲೋ ಅಂತ ಕೇಳಿದ್ದೀಯ. ಎಲ್ಲಿಗಾದರೂ ಹೋಗು, ಆದರೆ ಮೊದಲು ಮಾಂಜ್ರಾ ದಾಟಿ ಬೀದರಿಗೆ ಹೋಗಿ ಬಾ. ಈಗ ತೆಲಂಗಾಣದಲ್ಲಿರುವ ನಿಮ್ಮ ನಾರಾಯಣಖೇಡ ತಾಲೂಕು 1956ರ ತನಕ ಬೀದರ ಜಿಲ್ಲೆಯಲ್ಲೇ ಇತ್ತು. ರಾಜ್ಯಗಳ ಗಡಿ ಬದಲಾದದ್ದಕ್ಕೆ ನಿಮ್ಮೂರಿಗೂ ಕೋಟೆಗೂ ನಡುವಿನ ದಾರಿ ಉದ್ದವಾಗಲಿಲ್ಲ.

ಕೋಟೆಗೆ ಹೋದಾಗ ಫೋಟೋ ತೆಗೆಯುವ ಮೊದಲು ನಡೆ. ಬಹಮನಿ ಸುಲ್ತಾನ ಅಹಮದ್ ಶಾಹ ಹದಿನೈದನೇ ಶತಮಾನದ ಮೊದಲರ್ಧದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಜಂಬಿಟ್ಟಿಗೆ ಕಲ್ಲಿನ ನೆಲವನ್ನೇ ಕಡಿದು ಮೂರು ಸಾಲಿನ ಕಂದಕ ಮಾಡಿದ್ದಾರೆ. ದಾರಿ ನಿನ್ನನ್ನು ಸೀದಾ ಒಳಗೆ ಬಿಡುವುದಿಲ್ಲ. ಒಂದು ಬಾಗಿಲು ದಾಟಿದರೆ ಹುಲಿಗಳನ್ನು ಕೆತ್ತಿದ ಶರ್ಜಾ ದರವಾಜಾ. ಅದರ ಮೇಲಿನ ಶಾಸನ 1503ರದು. ಅದನ್ನು ದಾಟಿ ಮುಂದೆ ಹೋದರೆ ಗುಂಬದ್ ದರವಾಜಾ. ನಡುವೆ ದಾರಿ ಬಾಗುತ್ತದೆ, ಎರಡೂ ಕಡೆ ಗೋಡೆ ಏರುತ್ತದೆ. ಆನೆಗೆ ಓಡಿ ಬಂದು ಬಾಗಿಲಿಗೆ ಡಿಕ್ಕಿ ಹೊಡೆಯಲು ಬೇಕಾದ ನೇರ ಜಾಗ ಸಿಗಬಾರದೆಂದು ಮಾಡಿದ ಬಾಗು ಅದು. ಆಟ ಕಟ್ಟುವವನಿಗೆ ಅದರಲ್ಲಿ ಇನ್ನೊಂದು ಪಾಠವಿದೆ: ಮುಂದಿನದು ಕಾಣದಿದ್ದಾಗ ಕಾಲು ತಾನಾಗಿ ನಿಧಾನವಾಗುತ್ತದೆ, ಕಿವಿ ಚುರುಕಾಗುತ್ತದೆ. ಕೊನೆಯ ಬಾಗಿಲು ದಾಟಿ ಬಯಲು ಒಮ್ಮೆಲೇ ತೆರೆದುಕೊಂಡಾಗ ಅದು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಿನ್ನ ಮ್ಯಾಪಿನಲ್ಲಿ ಆಟಗಾರ ಗೇಟಿನಲ್ಲಿ ನಿಂತಾಗಲೇ ಎಲ್ಲವೂ ಕಂಡುಬಿಡುತ್ತದೆ. ಆಮೇಲೆ ಅವನು ಯಾಕೆ ನಡೆಯಬೇಕು?

ಇದಕ್ಕೆ ಪೂರಾ ಎದುರಾದ ಪಾಠ ಹಳೇ ಊರಿನ ನಡುವಿನ ಚೌಬಾರಾದಲ್ಲಿದೆ. ಸುಮಾರು 22 ಮೀಟರ್ ಎತ್ತರದ ದುಂಡು ಗೋಪುರ, ಒಳಗೆ ಸುತ್ತಿ ಏರುವ 80 ಮೆಟ್ಟಿಲು. ಬೀದಿಗಳು ಕೂಡುವ ಜಾಗದಲ್ಲೇ ಅದು ನಿಂತಿದೆ, ಹಾಗಾಗಿ ಓಣಿಯಲ್ಲಿ ದಾರಿ ತಪ್ಪಿದವನು ತಲೆ ಎತ್ತಿದರೆ ಸಾಕು. ಕೋಟೆಯ ಬಾಗಿಲು ಗುರಿಯನ್ನು ಮುಚ್ಚಿಡುತ್ತದೆ, ಚೌಬಾರಾ ಗುರಿಯನ್ನು ಎತ್ತಿ ತೋರಿಸುತ್ತದೆ. ಯಾವುದನ್ನು ಎಲ್ಲಿ ಮಾಡಬೇಕೆಂದು ತಿಳಿದವನಿಗೆ ಬಾಣದ ಗುರುತು, ಮಿನಿಮ್ಯಾಪ್ ಎರಡೂ ಅಷ್ಟಾಗಿ ಬೇಕಾಗುವುದಿಲ್ಲ.

ಬೆಳಕಿನ ಪಾಠಕ್ಕೆ ಬೀದರಿನ ನೌಬಾದಿನಲ್ಲಿರುವ ಕರೇಜಿಗೆ, ಅಂದರೆ ನೆಲದಡಿಯ ನೀರಿನ ಕಾಲುವೆಗೆ ಹೋಗು. ಪರ್ಷಿಯಾದಿಂದ ಬಂದ ವಿದ್ಯೆ ಅದು. ಎತ್ತರದ ಜಾಗದಲ್ಲಿ ನೀರಿನ ಸೆಲೆ ಹುಡುಕಿ ಬಾವಿ ತೋಡಿ, ಅಲ್ಲಿಂದ ನೆಲದಡಿ ಸ್ವಲ್ಪವೇ ಇಳಿಜಾರಿನ ಸುರಂಗ ಕೊರೆದು, ನೀರು ತಾನೇ ಹರಿದು ಬರುವ ಹಾಗೆ ಮಾಡುತ್ತಿದ್ದರು. ಸುರಂಗದ ಉದ್ದಕ್ಕೂ ಮೇಲಿನಿಂದ ಬಾವಿಯಂಥ ಕಿಂಡಿಗಳಿವೆ; ಮಣ್ಣು ಎತ್ತಲು, ಗಾಳಿ ಆಡಲು, ಬೆಳಕು ಇಳಿಯಲು. ಆಟದ ಕತ್ತಲ ದಾರಿಯಲ್ಲಿ ಇಂಥ ಕಿಂಡಿಗಳಿದ್ದರೆ ಆಟಗಾರ ಒಂದು ಬೆಳಕಿನಿಂದ ಮುಂದಿನ ಬೆಳಕಿಗೆ ತಾನೇ ನಡೆಯುತ್ತಾನೆ. ಆ ಬೆಳಕು ಯಾಕಿದೆ ಎಂದು ಅವನಿಗೆ ಸಂಶಯವೂ ಬರುವುದಿಲ್ಲ, ಯಾಕೆಂದರೆ ಕಟ್ಟಿದವರಿಗೆ ಅದು ನಿಜವಾಗಿ ಬೇಕಿತ್ತು. ನೀನು ಸುರಂಗದಲ್ಲಿ ಸಾಲಾಗಿ ಉರಿಯುವ ಪಂಜು ಇಟ್ಟಿದ್ದೀಯ. ಅವುಗಳಿಗೆ ದಿನಾ ಎಣ್ಣೆ ಹಾಕುವವರು ಯಾರಪ್ಪಾ?

ಈಗ ಮುರಿದದ್ದರ ಮಾತಿಗೆ ಬರುತ್ತೇನೆ. ಅದಕ್ಕೇ ಈ ಪತ್ರ ಬರೆಯಲು ಕೂತದ್ದು.

ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂದೆ ನಿಲ್ಲು. ಒಂದು ಮಿನಾರು ನಿಂತಿದೆ, ಇನ್ನೊಂದು ಇಲ್ಲ. ಮುಂಭಾಗದ ಒಂದು ಬದಿಯೇ ಹೋಗಿದೆ. ಔರಂಗಜೇಬನ ಕಾಲದಲ್ಲಿ ಒಳಗೆ ಮದ್ದಿನ ದಾಸ್ತಾನು ಇಟ್ಟಿದ್ದರು, 1696ರಲ್ಲಿ ಅದು ಸಿಡಿಯಿತು ಎನ್ನುತ್ತಾರೆ. ಅಲ್ಲಿಂದ ಅಷ್ಟೂರಿಗೆ ಹೋಗಿ ಬಹಮನಿ ಸುಲ್ತಾನ ಹುಮಾಯೂನ್ ಶಾಹನ ಗೋರಿ ನೋಡು. ಸಿಡಿಲು ಬಡಿದು ಅದರ ಗುಮ್ಮಟದ ಬಹುಭಾಗ ಬಿದ್ದಿದೆ. ಉಳಿದ ಭಾಗ ಕೊಯ್ದ ಉಳ್ಳಾಗಡ್ಡಿಯ ಹಾಗೆ ಗೋಡೆಯ ದಪ್ಪವನ್ನೂ ಒಳಬಾಗಿದ ಮೈಯನ್ನೂ ಒಟ್ಟಿಗೇ ತೋರಿಸುತ್ತದೆ. ಮದ್ದು ಒಳಗಿನಿಂದ ಹೊರಕ್ಕೆ ತಳ್ಳುತ್ತದೆ, ಸಿಡಿಲು ಮೇಲಿನಿಂದ ಬಡಿಯುತ್ತದೆ. ಮಳೆಯ ದಾರಿ ಬೇರೆ: ಅದು ಮೊದಲು ಮಾಳಿಗೆಯ ಮಣ್ಣನ್ನು ನೆನೆಸಿ, ತೊಲೆ ಕೊಳೆಯಿಸಿ, ಚಾವಣಿ ಕುಸಿದ ಮೇಲೆ ಗೋಡೆಗೆ ಕೈ ಹಾಕುತ್ತದೆ. ಆಲದ ಬೇರು ಕಲ್ಲಿನ ಸಂದಿ ಹುಡುಕುತ್ತದೆ.

ಭೂಕಂಪ ಹೇಗೆ ಒಡೆಯುತ್ತದೆಂದು ನಮ್ಮ ಕಡೆಯ ಹಿರಿಯರಿಗೆ ಹೇಳಿಕೊಡಬೇಕಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತಿನ ಊರುಗಳು ನೆಲಕ್ಕೆ ಬಿದ್ದವು. ಕಾಡುಗಲ್ಲನ್ನು ಮಣ್ಣಿನಲ್ಲಿ ಕೂರಿಸಿದ ದಪ್ಪ ಗೋಡೆ, ಮೇಲೆ ಬಿಸಿಲು ತಡೆಯಲೆಂದು ಹಾಕಿದ ಭಾರದ ಮಣ್ಣಿನ ಮಾಳಿಗೆ. ಗೋಡೆಯ ಒಳಮೈ ಹೊರಮೈ ಬೇರೆಬೇರೆಯಾಗಿ ಬಿರಿದವು, ಮಾಳಿಗೆ ಮಲಗಿದವರ ಮೇಲೆ ಇಳಿಯಿತು. ಎಷ್ಟೋ ಊರುಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಬೇಸಿಗೆಯಲ್ಲಿ ತಂಪು ಕೊಟ್ಟ ಮಾಳಿಗೆಯೇ ಆ ನಸುಕಿನಲ್ಲಿ ಜೀವ ತೆಗೆಯಿತು ಅನ್ನುವುದು ಗೊತ್ತಿದ್ದವನು ಬಿದ್ದ ಮನೆಯನ್ನು ಬೇರೆ ಥರ ಬಿಡಿಸುತ್ತಾನೆ.

ಹಾಗಾಗಿ ನನ್ನ ಸಲಹೆ ಇಷ್ಟು. ಮೊದಲು ಮನೆಯನ್ನು ಇಡಿಯಾಗಿ ಕಟ್ಟು. ಒಲೆ ಇಡು, ಬಚ್ಚಲ ನೀರು ಹರಿಯಲು ದಾರಿ ಕೊಡು. ಒಬ್ಬಾಕೆ ಬೆಳಿಗ್ಗೆ ಎದ್ದು ಎಲ್ಲೆಲ್ಲಿ ಓಡಾಡುತ್ತಾಳೆಂದು ಗೆರೆ ಎಳೆ. ಆಮೇಲೆ ಅದನ್ನು ಕೆಡವಲು ಒಂದೇ ಒಂದು ಕಾರಣ ಆರಿಸಿಕೊ, ಆ ಕಾರಣ ಒಡೆಯುವಲ್ಲಿ ಮಾತ್ರ ಒಡೆ. ಒಡೆದಲ್ಲಿ ಒಂದು ಹಳೆಯ ದಾರಿ ಮುಚ್ಚುತ್ತದೆ, ಇನ್ನೊಂದು ಹೊಸ ದಾರಿ ತೆರೆಯುತ್ತದೆ. ಬಾಗಿಲಿಗೆ ಅಡ್ಡ ತೊಲೆ ಬಿದ್ದಿದೆ, ಪಕ್ಕದ ಗೋಡೆಯಲ್ಲಿ ಕಿಂಡಿಯಾಗಿದೆ. ಆಟ ಹುಟ್ಟುವುದು ಈ ಎರಡರ ನಡುವೆ.

ಬೇರೆಯವರು ಹೇಗೆ ಮಾಡಿದ್ದಾರೆ ಅಂತ ನೋಡಬೇಕೆ? ಕೀವ್ ನಗರದ ಜಿಎಸ್‌ಸಿ ಗೇಮ್ ವರ್ಲ್ಡ್ ತಂಡ 2007ರ ‘ಸ್ಟಾಕರ್’ ಆಟಕ್ಕಾಗಿ ಚೆರ್ನೋಬಿಲ್ ವಲಯಕ್ಕೇ ಹೋಗಿ ಫೋಟೋ ತಂದಿತು. ಅಲ್ಲಿನ ಪ್ರಿಪ್ಯಾತ್ ಊರನ್ನು 1986ರ ಏಪ್ರಿಲ್ 27ರಂದು ಒಂದೇ ಮಧ್ಯಾಹ್ನದಲ್ಲಿ ಖಾಲಿ ಮಾಡಿಸಿದ್ದರು. ಕಟ್ಟಡ ನಿಂತೇ ಇತ್ತು, ಜನ ಮಾತ್ರ ಇಲ್ಲ. ಆಟದ ಭಯವೆಲ್ಲ ಆ ಒಂದು ಸಂಗತಿಯಿಂದಲೇ ಬರುತ್ತದೆ.

ನಮ್ಮ ಕರ್ನಾಟಕವೂ ಒಂದು ದೊಡ್ಡ ಆಟದಲ್ಲಿದೆ. 2017ರ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ಯಲ್ಲಿ ಪಶ್ಚಿಮ ಘಟ್ಟದ ನಡುವೆ ಹೊಯ್ಸಳರ ಹಾಳೂರುಗಳಿವೆ, ಗಣೇಶನ ದಂತದ ಹುಡುಕಾಟವಿದೆ. ನೋಡಲು ಭರ್ಜರಿ, ಬೆಟ್ಟದೆತ್ತರದ ಮೂರ್ತಿಗಳು. ಆದರೆ ಹಳೇಬೀಡಿನ ಗುಡಿಯ ಗುಟ್ಟು ಎತ್ತರದಲ್ಲಿಲ್ಲ. ಅದು ತಗ್ಗಾದ, ಜಗತಿಯ ಮೇಲೆ ಕೂತ ಗುಡಿ. ಗೋಡೆ ಕೋನಕೋನವಾಗಿ ಮಡಿಚಿಕೊಂಡಿರುವುದರಿಂದ ಪ್ರದಕ್ಷಿಣೆ ಹಾಕುವವನಿಗೆ ಗೋಡೆಯೆಲ್ಲ ಒಮ್ಮೆಗೇ ಕಾಣುವುದಿಲ್ಲ, ನಾಲ್ಕು ಹೆಜ್ಜೆಗೊಂದು ಹೊಸ ಮುಖ ಎದುರಾಗುತ್ತದೆ. ಆ ನಡಿಗೆಯನ್ನು ಯಾರಾದರೂ ಆಟವಾಗಿಸಲಿ ಅಂತ ನನ್ನಾಸೆ.

ಇನ್ನು ಕೋಟೆ ಗುಡಿಗಳನ್ನು ಬಿಟ್ಟು ನಿಮ್ಮ ಸುತ್ತಲಿನ ಊರುಗಳಿಗೆ ಬಾ. ಅರ್ಧ ಬಿದ್ದ ವಾಡೆ, ಬುರುಜು ನಮ್ಮ ಸೀಮೆಯಲ್ಲಿ ಎಲ್ಲೂ ಅಪರೂಪವಲ್ಲ. ವಾಡೆಯಂಥ ಲೆವೆಲ್ ಪುಸ್ತಕದಲ್ಲಿ ಸಿಗುವುದಿಲ್ಲ. ಅಗಸಿ ದಾಟಿದರೆ ಅಂಗಳ. ಅಂಗಳಕ್ಕಿಂತ ಎತ್ತರದಲ್ಲಿ ಪಡಸಾಲೆ. ಮೇಲೆ ಕೂತ ದೇಸಾಯಿಗೋ ದೇಶಮುಖನಿಗೋ ಅಂಗಳದಲ್ಲಿ ನಿಂತವರೆಲ್ಲ ಕಾಣುತ್ತಾರೆ. ಕೆಳಗೆ ನಿಂತವನಿಗೆ ಪಡಸಾಲೆಯ ಆಚೆ ಏನೂ ಕಾಣದು. ಒಳಮನೆಗೆ ಹೆಂಗಸರದೇ ದಾರಿ. ಹಿತ್ತಲ ಬಾಗಿಲು ಆಳುಗಳಿಗೆ. ಇನ್ನೂ ಕೆಲವರು ಅಗಸಿಯ ಹೊರಗೇ ನಿಲ್ಲಬೇಕಿತ್ತು. ಯಾರು ಎಲ್ಲಿಯ ತನಕ ಬರಬಹುದು ಅನ್ನುವುದನ್ನು ಆ ಮನೆ ಕಲ್ಲಿನಲ್ಲೇ ಬರೆದಿಟ್ಟಿದೆ. ನಿನ್ನ ಆಟಗಾರ ಯಾರು? ದಣಿಯ ಮಗನಾದರೆ ಮುಂಬಾಗಿಲಿನಿಂದ ಬರುತ್ತಾನೆ. ಜೀತದಾಳಿನ ಮಗಳಾದರೆ ಅವಳಿಗೆ ದನದ ಕೊಟ್ಟಿಗೆ, ನೀರಿನ ತೊಟ್ಟಿ, ಹಿತ್ತಲ ಗೋಡೆ ಎಲ್ಲ ಗೊತ್ತು. ಪಡಸಾಲೆ ಮಾತ್ರ ಗೊತ್ತಿಲ್ಲ. ವಾಡೆ ಖಾಲಿಯಾದ ದಿನ ಅವಳು ಮೊದಲ ಸಲ ಆ ಮೆಟ್ಟಿಲು ಹತ್ತುತ್ತಾಳೆ. ಒಂದೇ ಕಟ್ಟಡ, ಎರಡು ಬೇರೆ ಆಟ.

ಮನೆ ಯಾಕೆ ಖಾಲಿಯಾಯಿತು ಅಂತಲೂ ವಿಚಾರಿಸು. ಕೆಲವು ಮನೆಯವರು ಮಕ್ಕಳ ನೌಕರಿಯ ಹಿಂದೆ ಪಟ್ಟಣ ಸೇರಿದರು. ಕೆಲವು ಪಾಲಿನ ಜಗಳದಲ್ಲಿ ಬಿದ್ದವು. 1947–48ರ ಹೈದರಾಬಾದ್ ಸಂಸ್ಥಾನದ ರಜಾಕಾರರ ಕಾಲದಲ್ಲೂ ಅದರ ಬೆನ್ನಿಗೆ ಬಂದ ದಿನಗಳಲ್ಲೂ ಜೀವ ಉಳಿಸಿಕೊಳ್ಳಲು ಮನೆ ಬಿಟ್ಟು ಓಡಿದವರು ಹಿಂದೂ, ಮುಸ್ಲಿಂ ಎರಡೂ ಧರ್ಮದಲ್ಲಿದ್ದಾರೆ. ಅಂಥ ಮನೆಯನ್ನು ಬಂದೂಕಿನಾಟದ ಬಯಲು ಮಾಡುವ ಮುಂಚೆ ಓಣಿಯ ಹಿರಿಯರ ಹತ್ತಿರ ಕೂತು ಕೇಳು.

ಕೆಲಸ ಹೀಗೆ ಮಾಡು. ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಹೆಜ್ಜೆ ಎಣಿಸಿ ನಕ್ಷೆ ಬರೆ. ಪ್ರತಿ ಹೊಸ್ತಿಲಲ್ಲಿ ನಿಂತು ಕಣ್ಣು ಮೊದಲು ಎಲ್ಲಿಗೆ ಹೋಯಿತೆಂದು ಗುರುತು ಹಾಕು. ಅದೇ ಜಾಗಕ್ಕೆ ಬೆಳಿಗ್ಗೆ ಒಮ್ಮೆ, ಇಳಿಹೊತ್ತಿನಲ್ಲಿ ಒಮ್ಮೆ ಹೋಗು. ಮನೆಗೆ ಬಂದು ಬ್ಲೆಂಡರಿನಲ್ಲೋ ಗೋಡೋದಲ್ಲೋ ಬರೀ ಬೂದು ಡಬ್ಬಿಗಳಿಂದ ಕಟ್ಟು. ಎರಡೂ ಪುಕ್ಕಟೆ ಸಿಗುತ್ತವೆ; ಗೋಡೋ ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತದೆ. ಅಳತೆ ಮಾತ್ರ ಇದ್ದದ್ದು ಇದ್ದ ಹಾಗೇ ಹಾಕಬೇಡ. ಆಟಗಾರನ ಬೆನ್ನ ಹಿಂದೆ ಕ್ಯಾಮೆರಾ ಇದ್ದರೆ ನಿಜದ ಓಣಿ ತೆರೆಯ ಮೇಲೆ ಉಸಿರು ಕಟ್ಟಿಸುತ್ತದೆ, ಸ್ವಲ್ಪ ಅಗಲಿಸು. ಆದರೆ ತಲೆ ಬಗ್ಗಿಸಿ ದಾಟುವ ಗಿಡ್ಡ ಬಾಗಿಲನ್ನು ಎತ್ತರಿಸಬೇಡ, ಬಗ್ಗುವುದನ್ನೇ ಆಟವಾಗಿಸು. ಬೂದು ಡಬ್ಬಿಯ ಮನೆಯಲ್ಲಿ ನಿನ್ನ ತಂಗಿಯನ್ನು ಆಡಲು ಬಿಟ್ಟು ಬಾಯಿ ಮುಚ್ಚಿ ನೋಡು. ಅವಳು ಎಲ್ಲಿ ನಿಂತಳು, ಎಲ್ಲಿ ಹಿಂದೆ ತಿರುಗಿದಳು ಅನ್ನುವುದೇ ನಿನ್ನ ಗುರು. ಕಲ್ಲಿನ ಬಣ್ಣ, ಪಾಚಿ, ಧೂಳು ಎಲ್ಲ ಕೊನೆಗೆ.

ಮುಂದಿನ ಸಲ ಬಣ್ಣವಿಲ್ಲದ ಮ್ಯಾಪೇ ಕಳಿಸು. ಮನೆ ಯಾಕೆ ಬಿತ್ತು ಅಂತ ನೀನು ನನಗೆ ಹೇಳಬೇಡ. ಆಡಿದ ಮೇಲೆ ನಾನೇ ನಿನಗೆ ಹೇಳುತ್ತೇನೆ. ನನ್ನ ಉತ್ತರ ಸರಿಯಾದರೆ ನೀನು ಪಾಸು.



ನಿನ್ನ,
ಬೀದರದ ಗೆಳೆಯ

ತಾ.ಕ.: ಪಾಳು ಮನೆಗೂ ಯಜಮಾನರಿರುತ್ತಾರೆ, ಕೇಳಿಯೇ ಒಳಗೆ ಹೋಗು. ಒಬ್ಬನೇ ಹೋಗಬೇಡ, ಮಳೆಗಾಲದಲ್ಲಿ ಮಾಳಿಗೆಯ ಕೆಳಗೆ ನಿಲ್ಲಬೇಡ. ಕೋಟೆಯ ಗೋಡೆಯ ಮೇಲೆ ಹೆಸರು ಕೆತ್ತುವುದು ಅಪರಾಧ. ಡ್ರೋನ್ ಹಾರಿಸಬೇಕಾದರೆ ಮೊದಲು ಅನುಮತಿ ಬೇಕು. ಎಲ್ಲಕ್ಕಿಂತ ಮುಖ್ಯ, ಕಾಳು ತುಂಬಿಡುತ್ತಿದ್ದ ನೆಲದಡಿಯ ಹಗೇವಿನ ಬಾಯಿ ತೆರೆದಿದೆಯೆಂದು ಒಳಗೆ ಇಳಿಯಬೇಡ. ಅಲ್ಲಿನ ಗಾಳಿ ಕೆಟ್ಟಿರುತ್ತದೆ, ಇಳಿದವರು ಉಸಿರುಗಟ್ಟಿ ಸತ್ತದ್ದಿದೆ. ಹಗೇವಿಗೆ ಇಳಿಯುವ ಕೆಲಸ ಆಟದೊಳಗೇ ಇರಲಿ. ಅಲ್ಲಾದರೆ ಸತ್ತರೂ ಮತ್ತೆ ಶುರು ಮಾಡಬಹುದು.