ಮಲಗಿ ಎದ್ದರೆ ಸರಿಹೋಗದ್ದು

ವಿಜಯನಗರದ ಮಾರೇನಹಳ್ಳಿಯ ಆ ಮನೆಯಲ್ಲಿ ಬೆಳಗಿನ ಕಾಫಿ ಬೆರೆಸುವುದು ತಾತನ ಕೆಲಸ. ಅಂದು ಆರು ಗಂಟೆಗೆ ಅವರ ಬಲಗೈಯಿಂದ ಲೋಟ ಜಾರಿತು. ಮಾತು ತೊದಲಿತು, ಬಾಯಿ ಸೊಟ್ಟಗಾಯಿತು. "ರಾತ್ರಿ ನಿದ್ದೆ ಬಂದಿಲ್ಲ, ಸ್ವಲ್ಪ ಮಲಗಲಿ. ಸರಿಹೋಗುತ್ತೆ" ಎಂದರು ಮಗ. ಆಸ್ಪತ್ರೆ ಸೇರುವಾಗ ಮಧ್ಯಾಹ್ನವಾಗಿತ್ತು. ಜೀವ ಉಳಿಯಿತು, ಬಲಗೈ ಮೊದಲಿನಂತಾಗಲಿಲ್ಲ.

ಆ ಮಗನಿಗೆ ಒಳಗೊಳಗೇ ಕೊರಗು. ಒಂದು ಸಂಜೆ ಗ್ರಂಥಿಗೆ ಅಂಗಡಿಯಿಂದ ಅಶ್ವಗಂಧದ ಪುಡಿ ತಂದರು. "ಮಿದುಳಿಗೆ ಒಳ್ಳೆಯದಂತೆ, ನಮ್ಮ ಬೆಂಗಳೂರಿನ ವಿಜ್ಞಾನಿಗಳೇ ಹೇಳಿದ್ದಾರಂತೆ."

ಪಿಯುಸಿ ಓದುವ ಮಗಳು ಹುಡುಕಿ ಓದಿದಳು. ಸುದ್ದಿ ಸುಳ್ಳಲ್ಲ. 2012ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಸಂಗಡಿಗರು ಅಶ್ವಗಂಧದ ಬೇರಿನ ಸಾರ ಕೊಟ್ಟಾಗ ಅಲ್ಜೈಮರ್ ಲಕ್ಷಣದ ಇಲಿಗಳ ನೆನಪು ಸುಧಾರಿಸಿತ್ತು. ಸಾರವು ಯಕೃತ್ತಿನ ಒಂದು ಪ್ರೋಟೀನನ್ನು ಹೆಚ್ಚಿಸಿ, ಮಿದುಳಿನಲ್ಲಿ ಶೇಖರವಾಗಿದ್ದ ಅಮೈಲಾಯ್ಡ್ ಹೊರಹೋಗುವಂತೆ ಮಾಡಿತ್ತು.

"ಆದರೆ ಅದು ಇಲಿಗಳಲ್ಲಿ, ಅಪ್ಪ. ಕಾಯಿಲೆಯೂ ಬೇರೆ. ಡಾಕ್ಟರನ್ನು ಕೇಳದೆ ತಾತನಿಗೆ ಕೊಡಬೇಡಿ."

ಹಾಗಾದರೆ ಲಕ್ವ ಹೊಡೆದಾಗ ಮಿದುಳನ್ನು ಕಾಯುವ ಮದ್ದೇ ಇಲ್ಲವೇ? ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಲೆಕ್ಕ ಹಾಕಲಾಗಿದೆ. ಅವನ್ನು ಉಳಿಸಲು ಎನ್‌ಎಕ್ಸ್‌ವೈ-059 ಎಂಬ ಔಷಧಿ ಪ್ರಾಣಿಗಳಲ್ಲಿ ಭರವಸೆ ಮೂಡಿಸಿತ್ತು. ಮನುಷ್ಯರ ಮೇಲಿನ ಮೊದಲ ದೊಡ್ಡ ಪ್ರಯೋಗವೂ ಆಸೆ ಹುಟ್ಟಿಸಿತು. ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಎರಡನೆಯ ಪ್ರಯೋಗದ ಫಲಿತಾಂಶ 2007ರಲ್ಲಿ ಪ್ರಕಟವಾದಾಗ ಆ ಆಸೆ ಕರಗಿತು. ಇಂಥ ಎಷ್ಟೋ ಮದ್ದುಗಳ ಕಥೆ ಇದೇ. ಪ್ರಯೋಗಾಲಯದ ಇಲಿ ಸಾಮಾನ್ಯವಾಗಿ ಎಳೆಯದು, ಆರೋಗ್ಯವಂತ. ಮದ್ದು ಬೇಗ ಸಿಗುತ್ತದೆ. ಮನುಷ್ಯನಿಗೆ ವಯಸ್ಸಾಗಿರುತ್ತದೆ, ಬಿ.ಪಿ., ಸಕ್ಕರೆ ಕಾಯಿಲೆ ಇರುತ್ತದೆ. ಆಸ್ಪತ್ರೆಗೆ ಬರುವುದೂ ತಡ.

ಕೈಯಲ್ಲಿರುವುದು ಸಮಯ. ಸ್ಕ್ಯಾನ್‌ನಲ್ಲಿ ರಕ್ತಸ್ರಾವವಿಲ್ಲವೆಂದು ಖಚಿತವಾದರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೆಲವರಿಗೆ ಆಮೇಲೂ ಹೆಪ್ಪನ್ನು ಕೊಳವೆಯಿಂದ ಹೊರಗೆಳೆಯಬಹುದು. ಅಲ್ಲಿಯೂ ಬೇಗ ಬಂದಷ್ಟೂ ಲಾಭ.

ಲೆಕ್ಕ ಕೇಳಿ ಅಪ್ಪ ತಲೆ ತಗ್ಗಿಸಿದರು. ಮಗಳು ಮತ್ತೇನೂ ಹೇಳದೆ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದಳು: "ಬಾಯಿ ಸೊಟ್ಟ, ಕೈ ಸೋಲು, ಮಾತು ತೊದಲು. ಒಂದೇ ಕಂಡರೂ ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ. ಮಲಗಿಸಿ ಕಾಯಬೇಡಿ."

ಎಡಗೈಯಲ್ಲಿ ಲೋಟ ಹಿಡಿದಿದ್ದ ತಾತ ನಿಧಾನವಾಗಿ ಓದಿದರು. "ಪಕ್ಕದ ಮನೆಗೂ ಒಂದು ಬರೆದುಕೊಡಮ್ಮ" ಎಂದರು.